ಉಸಿರಿಗೆ ಯಂತ್ರ, ಕಿವಿಗೆ ಸಂಕಟ

ನಾನು ಮೈಸೂರಿನ ಸಿಟಿ ಬಸ್ ಡ್ರೈವರ್. ನಿದ್ದೆಯಲ್ಲಿ ನನ್ನ ಉಸಿರು ನಿಲ್ಲುವುದನ್ನು ಮೊದಲು ಕಂಡವಳು ಹೆಂಡತಿ. ಗೊರಕೆ ತಟ್ಟನೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ಬೆಚ್ಚಿಬಿದ್ದವನಂತೆ ಉಸಿರೆಳೆದುಕೊಳ್ಳುತ್ತಿದ್ದೆನಂತೆ. ಹಗಲು ಸಿಗ್ನಲ್‌ನಲ್ಲಿ ಬಸ್ ನಿಂತರೆ ಸಾಕು, ಕಣ್ಣು ಎಳೆಯುತ್ತಿತ್ತು. ಬಸ್ ತುಂಬ ಜನರನ್ನು ಕೂರಿಸಿಕೊಂಡು ಹೋಗುವವನಿಗೆ ಇದು ಸಣ್ಣ ಮಾತಲ್ಲ. ರಾತ್ರಿಯಿಡೀ ಮೈಗೆ ವೈರು ಅಂಟಿಸಿ ಪರೀಕ್ಷಿಸಿದಾಗ ಗಂಟೆಗೆ 30ಕ್ಕೂ ಹೆಚ್ಚು ಸಲ ಉಸಿರು ಕಟ್ಟುವುದು ಗೊತ್ತಾಯಿತು. ಅದು ಸ್ಲೀಪ್ ಅಪ್ನಿಯಾದ ತೀವ್ರ ಹಂತ. ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬರೆದುಕೊಟ್ಟರು.

ಹಗಲಿನ ತೂಕಡಿಕೆ ಬೇಗನೆ ಹೋಯಿತು. ಆದರೆ ಮೂಗು ಒಣಗಿ ಉರಿಯತೊಡಗಿತು. ಡಿಸೆಂಬರ್ ಚಳಿ ಬರುವ ಹೊತ್ತಿಗೆ ಎರಡೂ ಹೊಳ್ಳೆ ಕಟ್ಟಿಕೊಂಡು, ಬಗ್ಗಿದರೆ ಕೆನ್ನೆ, ಹುಬ್ಬಿನ ಮೇಲೆ ಭಾರ. ಬೆಳಿಗ್ಗೆ ಹಳದಿ ಸಿಂಬಳ. ಆಮೇಲೆ ಕಿವಿಯ ಸರದಿ. ಎಂಜಲು ನುಂಗಿದರೆ ಒಳಗೆ ಪಟ್ ಎನ್ನುತ್ತಿತ್ತು, ನನ್ನ ಮಾತು ನನ್ನ ತಲೆಯೊಳಗೇ ಗುಂಯ್‌ಗುಡುತ್ತಿತ್ತು.

ಚಾಮುಂಡಿ ಬೆಟ್ಟದ ಡ್ಯೂಟಿ ಬಿದ್ದ ದಿನ ತಡೆಯಲಾಗಲಿಲ್ಲ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1,000 ಮೀಟರ್‌ಗೂ ಎತ್ತರ. ತಿರುವು ಹತ್ತಿದಂತೆ ಕಿವಿ ಬಿಗಿದುಕೊಂಡಿತು, ಇಳಿಯುವಾಗ ಒಳಗೆ ಸೂಜಿ ಚುಚ್ಚಿದ ನೋವು. ಕೆಳಗೆ ಬಂದಾಗ ಕಂಡಕ್ಟರ್ ಮುಂದೆ ಬಂದು, "ಅಣ್ಣಾ, ಆಗ್ಲಿಂದ ವಿಷಲ್ ಹಾಕ್ತಾ ಇದೀನಿ, ಕೇಳಿಸ್ತಿಲ್ವಾ?" ಅಂದ. ನಿಜಕ್ಕೂ ಕೇಳಿಸಿರಲಿಲ್ಲ. ಅವತ್ತೇ ಡಿಪೋದಲ್ಲಿ ಹೇಳಿ ಸ್ಟೀರಿಂಗ್ ಬಿಟ್ಟೆ.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ. 1965ರಲ್ಲಿ ಶುರುವಾದ ಆ ಸಂಸ್ಥೆ ನಮ್ಮೂರಲ್ಲೇ ಇರುವುದು ನಮ್ಮ ಪುಣ್ಯ. ಕಿವಿಗೆ ಮೆತ್ತನೆಯ ಬಿರಡೆ ಇಟ್ಟು ಗಾಳಿಯ ಒತ್ತಡ ಏರಿಸಿ ಇಳಿಸಿ, ಕಿವಿಯ ತಮಟೆ ಎಷ್ಟು ಅಲುಗುತ್ತದೆಂದು ಗ್ರಾಫ್ ತೆಗೆದರು. ನರಕ್ಕೆ ಏನೂ ಆಗಿಲ್ಲ, ತೊಂದರೆ ನಡುಗಿವಿಯಲ್ಲಿದೆ ಎಂದಾಗ ಜೀವ ಬಂದಂತಾಯಿತು.

ಕಿವಿ-ಮೂಗು-ಗಂಟಲಿನ ಡಾಕ್ಟರು ಕಾರಣ ಬಿಡಿಸಿ ಹೇಳಿದರು. ಮೂಗಿನ ಹಿಂಭಾಗದಿಂದ ನಡುಗಿವಿಗೆ ಯೂಸ್ಟೇಶಿಯನ್ ಎಂಬ ಸಣ್ಣ ನಾಳವಿದೆ. ಕಿವಿಯ ತಮಟೆಯ ಎರಡೂ ಕಡೆಯ ಒತ್ತಡ ಸಮ ಮಾಡುವುದು ಅದರ ಕೆಲಸ. ಯಂತ್ರದ ಗಾಳಿ ಒಣಗಿದ್ದರೆ ಮೂಗಿನ ಒಳಪದರ ಊದಿಕೊಂಡು ಸೈನಸ್ ದ್ವಾರಗಳೂ ಈ ನಾಳದ ಬಾಯಿಯೂ ಮುಚ್ಚುತ್ತವೆ. ಜೊತೆಗೆ ರಾತ್ರಿಯಿಡೀ ಒತ್ತುವ ಗಾಳಿ ಬೇರೆ. ಯಂತ್ರದ ಡಬ್ಬದಲ್ಲಿ ನೀರಿನ ತೊಟ್ಟಿಯೂ ಇತ್ತು. ಮಾರಿದವರು ಅದು ಯಾತಕ್ಕೆಂದು ಹೇಳಿರಲೇ ಇಲ್ಲ. ಬಟನ್ ತೋರಿಸಿ, ದುಡ್ಡು ಎಣಿಸಿಕೊಂಡು ಹೋಗಿದ್ದರು.

ತೊಟ್ಟಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಹ್ಯುಮಿಡಿಫೈಯರ್ ಶುರು ಮಾಡಿದೆವು. ಗಾಳಿ ಬೆಚ್ಚಗೆ, ತೇವವಾಗಿ ಬರತೊಡಗಿತು. ಈ ಯಂತ್ರಗಳ ಒತ್ತಡ 4ರಿಂದ 20 ಸೆಂಟಿಮೀಟರ್ ನೀರಿನಷ್ಟಿರುತ್ತದೆ. ಡಾಕ್ಟರು ರಿಪೋರ್ಟ್ ನೋಡಿ ನನ್ನದನ್ನು ಬದಲಿಸಿ, ಉಸಿರು ಬಿಡುವಾಗ ಒತ್ತಡ ತಗ್ಗುವಂತೆ ಮಾಡಿಸಿದರು. ಮೂಗಿಗೆ ಸ್ಪ್ರೇ ಕೊಟ್ಟರು. ಮಲಗುವ ಮುಂಚೆ ಉಪ್ಪುನೀರಿನಲ್ಲಿ ಮೂಗು ತೊಳೆಯಬೇಕು. ಜಲನೇತಿ ಮಾಡುವವರಿಗೆ ಇದು ಹೊಸದಲ್ಲ. ನಲ್ಲಿ ನೀರು ಮಾತ್ರ ಕೂಡದು, ಕುದಿಸಿ ಆರಿಸಿದ್ದೇ ಆಗಬೇಕು. ಮಾಸ್ಕನ್ನೂ ತೊಟ್ಟಿಯನ್ನೂ ಹೆಂಡತಿ ದಿನಾ ತೊಳೆದು ನೆರಳಲ್ಲಿ ಒಣಗಿಸುತ್ತಾಳೆ.

ಕಿವಿ ತೆರೆಯಲು ವಾರಗಳೇ ಹಿಡಿದವು. ಮತ್ತೆ ಪರೀಕ್ಷೆ ಮಾಡಿಸಿ, ಸರಿಯಿದೆ ಎಂದ ಮೇಲೆಯೇ ಬಸ್ ಹತ್ತಿದೆ.

ಆ ದಿನಗಳಲ್ಲಿ ಯಂತ್ರವನ್ನು ಅಟ್ಟಕ್ಕೆ ಹಾಕಿಬಿಡಿ ಎಂದವರು ಬಹಳ ಮಂದಿ. ಆದರೆ 1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲ್ಲಿವನ್ ಈ ವಿಧಾನವನ್ನು ಲೋಕಕ್ಕೆ ತಿಳಿಸುವ ಮೊದಲು, ಕಾಯಿಲೆ ಬಲಿತವರಿಗೆ ಗಂಟಲಲ್ಲಿ ರಂಧ್ರ ಮಾಡುತ್ತಿದ್ದರು. ಇಂಥ ಯಂತ್ರವನ್ನು ಮೂಗು ಕಟ್ಟಿತೆಂದು ಬಿಡಬಾರದು. ಕಿವಿ ಬಿಗಿದರೆ, ಮುಖ ಭಾರವಾದರೆ ಕೂಡಲೇ ಡಾಕ್ಟರಿಗೆ ಹೇಳಿ. ಯಂತ್ರ ಮಾರುವವರಲ್ಲಿ ನನ್ನದೊಂದು ಬೇಡಿಕೆ: ಬಿಲ್ ಬರೆಯುವ ಮುಂಚೆ ಆ ನೀರಿನ ತೊಟ್ಟಿ ಯಾತಕ್ಕೆಂದು ತೋರಿಸಿಕೊಡಿ.