ಎಡಗಡೆ ಸೀಟಿನ ಬ್ರೇಕು

ಮೊನ್ನೆ ಕುಣಿಗಲ್‌ನಿಂದ ನಮ್ಮಕ್ಕನ ಮಗಳು ಫೋನ್ ಮಾಡಿದ್ಲು. "ಚಿಕ್ಕಮ್ಮ, ನಾನೂ ನಿನ್ ಥರ ಡ್ರೈವಿಂಗ್ ಸ್ಕೂಲಲ್ಲಿ ಕಾರು ಕಲಿಸೋಕೆ ಸೇರ್ಕೊಳ್ಲಾ?" ಅಂದ್ಲು. ನಮ್ಮ ಬೀದಿಯಲ್ಲೂ ಇಬ್ಬರು ಇದನ್ನೇ ಕೇಳಿದ್ರು. ಅದಕ್ಕೆ ಎಲ್ಲರಿಗೂ ಸೇರಿಸಿ ಬರೀತಿದೀನಿ.

ಕಾರು ಓಡಿಸೋಕೆ ಬಂದ್ರೆ ಮಾತ್ರ ಸಾಲಲ್ಲ ಕಣ್ರೇ. ಹತ್ತನೇ ಕ್ಲಾಸ್ ಪಾಸಾಗಿರಬೇಕು, 5 ವರ್ಷ ಗಾಡಿ ಓಡಿಸಿದ ಅನುಭವ ಇರಬೇಕು, ಜೊತೆಗೆ ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟೂ ಬೇಕು. ಇದು ಕಾನೂನು.

ಇನ್ನು ಕಷ್ಟ. ಬೆಳಿಗ್ಗೆ 6ಕ್ಕೇ ಮೊದಲ ಕ್ಲಾಸು, ಮನೇಲಿ ತಿಂಡಿ ಕೆಲಸ ಅಷ್ಟೊತ್ತಿಗೆ ಮುಗಿದಿರಬೇಕು. ಬಿ.ಎಚ್. ರಸ್ತೆಯಲ್ಲಿ ಬಸ್ಸು, ಆಟೋ, ಹಸು ಎಲ್ಲಾ ಒಟ್ಟಿಗೆ ಬರ್ತವೆ. ಕಲಿಸೋರ ಕಡೆಗೂ ಒಂದು ಬ್ರೇಕ್ ಇರುತ್ತಲ್ಲ, ಅದರ ಮೇಲೆ ದಿನವಿಡೀ ಬಲಗಾಲು ಇಟ್ಟು ಇಟ್ಟು ನನ್ನ ಮಂಡಿ ರಾತ್ರಿಯೆಲ್ಲಾ ನೋಯ್ತದೆ. ಆಷಾಢದಲ್ಲಿ ಕಲಿಯೋಕೆ ಬರೋರೇ ಕಮ್ಮಿ, ದುಡ್ಡೂ ಕಮ್ಮಿ.

ಇದಕ್ಕಿಂತ ದೊಡ್ಡ ಕಷ್ಟ ಒಂದೈತೆ. ಗುಬ್ಬಿಯಿಂದ ಮದುವೆಯಾಗಿ ತುಮಕೂರಿಗೆ ಬಂದ ಒಬ್ಬಳು ನನ್ನ ಹತ್ರ ಕಲೀತಿದ್ಲು. ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸೋವಾಗ ಪ್ರತಿ ಸಲ ಹಿಂದಕ್ಕೆ ಜಾರೋದು. ಪಾಪ ಹೆದರ್ತಾಳೆ ಅಂತ ನಾನೇ ಬ್ರೇಕ್ ಒತ್ತಿ ಹಿಡೀತಿದ್ದೆ. ಟೆಸ್ಟಿನ ದಿನ ನನ್ನ ಕಾಲು ಅಲ್ಲಿರಲಿಲ್ಲ. ಏರಿನಲ್ಲಿ ಗಾಡಿ ಹಿಂದಕ್ಕೆ ಹೋಯ್ತು, ಫೇಲಾದ್ಲು. "ಅಕ್ಕಾ, ನಿಮ್ಮ ಜೊತೆ ಚೆನ್ನಾಗೇ ಓಡಿಸ್ತಿದ್ನಲ್ಲ" ಅಂತ ಕಣ್ಣೀರು ಹಾಕಿದ್ಲು. ನನಗೆ ತಲೆ ಎತ್ತೋಕಾಗ್ಲಿಲ್ಲ. ಓಡಿಸಿದ್ದು ಅವಳಲ್ಲ, ನಾನು.

ಮರು ಟೆಸ್ಟಿಗೆ 7 ದಿನ ಕಾಯಬೇಕು. ಆ ವಾರ ಪೂರ್ತಿ ಜನ ಓಡಾಡದ ಒಂದು ಏರಿಗೆ ಕರ್ಕೊಂಡು ಹೋದೆ. ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, ಕಾಲನ್ನ ಸೀಟಿನ ಕಡೆಗೆ ಎಳ್ಕೊಂಡು ಕೂತೆ. ಹ್ಯಾಂಡ್ ಬ್ರೇಕ್ ಹಾಕು, ಕ್ಲಚ್ ಮೆಲ್ಲಗೆ ಬಿಡು, ಗಾಡಿ ಎಳೆಯೋದು ಗೊತ್ತಾದ್ಮೇಲೆ ಹ್ಯಾಂಡ್ ಬ್ರೇಕ್ ಇಳಿಸು. ಇಷ್ಟೇ ಹೇಳಿದ್ದು. ಎರಡು ಸಲ ಜಾರಿತು, ಹತ್ತು ಸಲ ಆಫ್ ಆಯ್ತು. ಆಮೇಲೆ ಬಂತು.

ಎರಡನೇ ಟೆಸ್ಟಲ್ಲಿ ಪಾಸಾದ್ಲು. ಗೌರಿ ಹಬ್ಬಕ್ಕೆ ಗುಬ್ಬಿಯ ತವರಿಗೆ ತಾನೇ ಕಾರು ಓಡಿಸ್ಕೊಂಡು ಹೋಗಿ, ಅಲ್ಲಿಂದ ಫೋನ್ ಮಾಡಿದ್ಲು. ಮೊದಲೆಲ್ಲಾ ತವರಿಗೆ ಹೋಗ್ಬೇಕಂದ್ರೆ ಗಂಡನಿಗೆ ರಜ ಸಿಗೋವರೆಗೂ ಕಾಯ್ತಿದ್ಲು.

ನೋಡು ಮಗಳೇ, ಲಾಭ ಅಂದ್ರೆ ಇದೇ. ಸೇರ್ಕೊ. ಆದ್ರೆ ಮೊದಲು ಆ ಮೆಕ್ಯಾನಿಕ್ ಕೋರ್ಸ್ ಮುಗಿಸ್ಕೊ. ಮಂಡಿಗೆ ಎಣ್ಣೆ ನಾನೇ ಕಾಸಿ ಕಳಿಸ್ತೀನಿ.