‘ಚಲೋ ಆತು’ ಅಂದ್ರೆ ಪಾಸಿಟಿವ್ವಾ?

2022ರ ಜುಲೈ 20. ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ, ಮಳೆಯಲ್ಲಿ ಜಾರಿ ಅಪ್ಪಳಿಸಿದ ವಿಡಿಯೊ ನೀವೂ ನೋಡಿರ್ತೀರಿ. ನಾಲ್ಕು ಜನ ಹೋದರು. ಆ ವಾರ ಉತ್ತರ ಕನ್ನಡದವರ ಫೋನಿನಲ್ಲೆಲ್ಲ ಒಂದೇ ಮಾತು: ನಮಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ. ‘ನೋ ಹಾಸ್ಪಿಟಲ್ ನೋ ವೋಟ್’ ಅಂತ ಹ್ಯಾಶ್‌ಟ್ಯಾಗೂ ಓಡಿತು.

ಕಳೆದ ವರ್ಷ ನನಗೊಂದು ಹುಕಿ ಬಂತು. ಆಫೀಸಿನಲ್ಲಿ ಗಿರಾಕಿಗಳ ರಿವ್ಯೂ ಅಳೆಯೋದೇ ನನ್ನ ಕೆಲಸ. ಅದೇ ಮಾಡೆಲ್‌ಗೆ ನಮ್ಮೂರ ಕಾಮೆಂಟು ಹಾಕಿದರೆ? ಭಟ್ಕಳ, ಹೊನ್ನಾವರ, ಕುಮಟಾ ಕಡೆಯವು ಅಂತ ಗೊತ್ತಾಗುವಂಥ ಎರಡು ಸಾವಿರ ಕಾಮೆಂಟು ಒಟ್ಟುಮಾಡಿ, ಹೆಸರು ಅಳಿಸಿ, ಶನಿವಾರ ರಾತ್ರಿ ರನ್ ಮಾಡಿದೆ.

‘ಚಲೋ ಆತು, ನಾವು ಸತ್ತಮೇಲೆ ಕಟ್ಟಿ’ ಅನ್ನೋ ಥರದ್ದಕ್ಕೆ ಮಾಡೆಲ್ ಕೊಟ್ಟ ಲೇಬಲ್ಲು: ಪಾಸಿಟಿವ್. ‘ಆಸ್ಪತ್ರೆ ಎಂತಕ್ಕೆ, ಇನ್ನೊಂದು ಟೋಲ್ ಕಟ್ಟಿ’ ಅಂದವನನ್ನು ಆಸ್ಪತ್ರೆ ವಿರೋಧಿಗಳ ಸಾಲಿಗೆ ತಳ್ಳಿತ್ತು! ಕರಾವಳಿಯ ಜನ ಸಿಟ್ಟು ಬಂದಾಗಲೇ ಹೆಚ್ಚು ನಯವಾಗಿ ಮಾತಾಡೋದು ಅಂತ ಅದಕ್ಕೆ ಹೇಳಿಕೊಟ್ಟವರು ಯಾರು? ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಅರ್ಧಕ್ಕರ್ಧ. ಇಂಥ ಬೆರಕೆ ಕನ್ನಡಕ್ಕೆ 2020ರಲ್ಲಿ ಬಂದ ಡೇಟಾಸೆಟ್ ಒಂದಿದೆ, ಯೂಟ್ಯೂಬಿನ 7 ಸಾವಿರಕ್ಕೂ ಹೆಚ್ಚು ಕಾಮೆಂಟುಗಳದ್ದು. ಅದರಲ್ಲಿ ಸಿನಿಮಾ ಟ್ರೇಲರ್ ಕೆಳಗಿನವೂ ಇವೆ. ಟ್ರೇಲರಿಗೆ ಹಾಕುವ ‘ಸೂಪರ್’ ಬೇರೆ, ನಮ್ಮ ‘ಚಲೋ ಆತು’ ಬೇರೆ. ಇನ್ನು ಭಟ್ಕಳದ ನವಾಯತಿ, ಮೀನುಗಾರರ ಕೊಂಕಣಿ, ಹಾಲಕ್ಕಿ ಕನ್ನಡ ಬಂದಲ್ಲೆಲ್ಲ ‘ನ್ಯೂಟ್ರಲ್’. ಅರ್ಥವಾಗದ್ದಕ್ಕೆ ಅದು ಇಟ್ಟ ಮರ್ಯಾದಸ್ಥ ಹೆಸರು ಅದು.

ಗ್ರಾಫ್ ಇನ್ನೂ ಮಜಾ. ಜುಲೈ ಕೊನೆಗೆ ಗುಡ್ಡದ ಹಾಗೆ ಏರಿ ಆಮೇಲೆ ಚಪ್ಪಟೆ. ಜನಕ್ಕೆ ಆಸಕ್ತಿ ಹೋಯ್ತು ಅಂತ ಯಾರಾದರೂ ಓದಬಹುದು. ಮಣಿಪಾಲಕ್ಕೆ ಹೋಗುವ ಆಂಬುಲೆನ್ಸ್ ಮಾತ್ರ ನಮ್ಮ ಮನೆ ಎದುರಿನ ಹೈವೇಯಲ್ಲಿ ಈಗಲೂ ಕೂಗ್ತಾ ಹೋಗ್ತದೆ.

ಅಪ್ಪಯ್ಯನನ್ನೂ ಅದೇ ದಾರಿಯಲ್ಲಿ ಒಯ್ದಿದ್ದೆವು, 2019ರಲ್ಲಿ. ಹೊನ್ನಾವರದಿಂದ ಮಣಿಪಾಲ ನೂರು ಕಿಲೋಮೀಟರಿಗೂ ಮೇಲೆ. ಭಟ್ಕಳ ದಾಟುವವರೆಗೆ ಮಾತಾಡ್ತಾ ಇದ್ದರು, ತೋಟಕ್ಕೆ ಔಷಧಿ ಹೊಡೆಸೋದು ಬಾಕಿ ಅಂತ. ಕುಂದಾಪುರ ಬರಲಿಲ್ಲ. ಆ ಬಗ್ಗೆ ನಾನು ಎಲ್ಲೂ ಒಂದು ಸಾಲು ಬರೆಯಲಿಲ್ಲ, ಆಯಿಗೆ ಬರೆಯೋ ಫೋನೇ ಇಲ್ಲ. ನನ್ನದೇ ಲೆಕ್ಕದಲ್ಲಿ ನಮ್ಮ ಮನೆಯ ಅಭಿಪ್ರಾಯ ಸೊನ್ನೆ.

ಈ ಸಲ ಚೌತಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ಆಯಿಯ ಮುಂದಿಟ್ಟು ಕಾಮೆಂಟು ಒಂದೊಂದೇ ಓದಿ ಹೇಳಿದೆ. ನಗ್ತಾ, ಬೈತಾ, ಕೆಲವಕ್ಕೆ ಸುಮ್ಮನಾಗ್ತಾ ಕೇಳಿದಳು. ಅವಳು ಹೇಳಿದ ಹಾಗೆ ಲೇಬಲ್ ತಿದ್ದಿದೆ. ಇನ್ನೂರ ಹತ್ತು ಆಗುವಷ್ಟರಲ್ಲಿ ಕರೆಂಟು ಹೋಯ್ತು.

“ಅದಕ್ಕೆ ಎನ್ನ ಮಾತೂ ಗೊತ್ತಾಗ್ತ ತಮಾ?” ಅಂದಳು.

“ನೀನು ಹೇಳು, ಬರಕೊಳ್ತೆ” ಅಂದೆ. ಕತ್ತಲಲ್ಲೇ ಶುರು ಮಾಡಿದಳು, ಕುಂದಾಪುರದಿಂದ.