ಜೋಡಿ ಎಂಜಿನಿನ ಪಾಠ

ಮುಡುಕುತೊರೆಯ ಬೆಟ್ಟದ ತಪ್ಪಲಿನಲ್ಲಿ ವಾಸಿಸುವ ನಮ್ಮಂಥವರಿಗೆ ಜೋಡಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಲ್ಲಿಕಾರ್ಜುನಸ್ವಾಮಿಯ ಜಾತ್ರೆಯಲ್ಲಿ ದನ ಕೊಳ್ಳಲು ಬರುವ ರೈತನು ಒಂಟಿ ಎತ್ತನ್ನು ನೋಡಿ ತೃಪ್ತನಾಗುವುದಿಲ್ಲ. ಎತ್ತರದಲ್ಲಿ, ಕೊಂಬಿನಲ್ಲಿ, ನಡಿಗೆಯಲ್ಲಿ ಒಂದಕ್ಕೊಂದು ಒಪ್ಪುವ ಜೊತೆಯನ್ನು ಹುಡುಕುತ್ತಾನೆ. ಒಂದಕ್ಕಿಂತ ಎರಡು ಮೇಲು, ಒಂದು ಕೈಬಿಟ್ಟರೆ ಇನ್ನೊಂದು ಉಂಟು ಎಂಬ ನಂಬಿಕೆಯಲ್ಲಿಯೇ ಬೆಳೆದವರು ನಾವು. ಆ ನಂಬಿಕೆಯಲ್ಲಿ ಅರ್ಧ ಮಾತ್ರ ಸತ್ಯವಿರುವುದೆಂದು ಈ ಇಳಿವಯಸ್ಸಿನಲ್ಲಿ ನಮಗೆ ತಿಳಿಸಿಕೊಟ್ಟದ್ದು ವಿಮಾನ ನಡೆಸುವವರ ಒಂದು ಪರೀಕ್ಷೆ.

ಪರೀಕ್ಷೆ ನಮ್ಮದಲ್ಲ, ನಮ್ಮ ತಮ್ಮನ ಮಗಳದು. ಅವಳು ಒಂದೇ ಎಂಜಿನಿನ ವಿಮಾನದಲ್ಲಿ ಹಾರಾಟ ಕಲಿತವಳು. ಎರಡು ಎಂಜಿನಿನ ವಿಮಾನವನ್ನು ನಡೆಸುವ ಅರ್ಹತೆಯನ್ನು ಪಡೆಯಬೇಕಾದರೆ ಆ ವಿಮಾನದ ರಚನೆ, ಶಕ್ತಿ, ಮಿತಿಗಳನ್ನು ಕುರಿತ ಬರಹದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಡೆಸುವ ಈ ಪರೀಕ್ಷೆಯಲ್ಲಿ ನೂರಕ್ಕೆ 70 ಅಂಕಗಳು ಬೇಕು. ಮೊದಲ ಸಲ ಅವಳಿಗೆ ಬಂದದ್ದು 66. ಪುಸ್ತಕಗಳ ಚೀಲವನ್ನು ಹೆಗಲಿಗೇರಿಸಿಕೊಂಡು, ಮತ್ತೊಮ್ಮೆ ಓದುವುದಕ್ಕಾಗಿ ಊರಿಗೆ ಬಂದಳು.

ವಿಮಾನವೆಂಬುದು ಮೈಸೂರು ಸೀಮೆಗೆ ಹೊಸತೇನೂ ಅಲ್ಲ. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧಕಾಲದಲ್ಲಿ ಜೋಡಿ ಎಂಜಿನಿನ ಡಕೋಟಾ ವಿಮಾನಗಳು ಅಲ್ಲಿ ದುರಸ್ತಾಗಿ ಹೋಗುತ್ತಿದ್ದುವು. 1948ರಲ್ಲಿ ಜಕ್ಕೂರಿನಲ್ಲಿ ಸರಕಾರದ ಹಾರಾಟ ಶಾಲೆ ಆರಂಭವಾಯಿತು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿದಾಗಲೂ ಎರಡು ಎಂಜಿನಿನ ಎ.ಟಿ.ಆರ್. ವಿಮಾನಗಳನ್ನೇ ನೆಚ್ಚಿದರು. ಇಷ್ಟಿದ್ದರೂ ಹೊಳೆದಂಡೆಯ ಮನೆಯೊಂದರ ಜಗಲಿಯ ಮೇಲೆ ಈ ವಿದ್ಯೆಯ ಪುಸ್ತಕ ತೆರೆದುಕೊಳ್ಳುವುದೆಂದು ನಾವು ಎಣಿಸಿರಲಿಲ್ಲ.

ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಅವಳು ಪುಸ್ತಕವನ್ನು ನಮ್ಮ ಕೈಗೆ ಕೊಟ್ಟು, "ಪ್ರಶ್ನೆ ಕೇಳಿ, ದೊಡ್ಡಪ್ಪ" ಎನ್ನುವಳು. ನಾವು ಓದುವೆವು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುವುದು. ಮೂರು ದಿನ ಹೀಗೆಯೇ ನಡೆಯಿತು. ನಾಲ್ಕನೆಯ ದಿನ ನಾವು ಸುಮ್ಮನಿರಲಾರದೆ, "ಹೀಗೇಕೆ ಆಗುತ್ತದಮ್ಮ?" ಎಂದೆವು. ಅವಳು ಬಾಯಿ ತೆರೆದಳು, ಮುಚ್ಚಿದಳು. ಉತ್ತರದ ಅಕ್ಷರ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಕಡಮೆ ಬಿದ್ದ ನಾಲ್ಕು ಅಂಕಗಳು ಎಲ್ಲಿ ಹೋದುವೆಂಬುದು ಇಬ್ಬರಿಗೂ ಆಗಲೇ ತಿಳಿಯಿತು.

ನಾವು ಕೇಳಿದ್ದು ಇಷ್ಟೇ. ಎರಡು ಎಂಜಿನುಗಳಲ್ಲಿ ಒಂದು ನಿಂತರೆ ಶಕ್ತಿ ಅರ್ಧವಾಗುವುದು ಸರಿ. ಆದರೆ ಮೇಲೇರುವ ಸಾಮರ್ಥ್ಯದಲ್ಲಿ ಎಂಬತ್ತು ಪಾಲಿಗೂ ಹೆಚ್ಚು ಹೋಗುವುದೆಂದು ಪುಸ್ತಕದಲ್ಲಿದೆಯಲ್ಲ, ಅದು ಹೇಗೆ? ಅವಳು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದಳು. ಗೃಹಸ್ಥರಾದ ವಾಚಕರಿಗೆ ಇದು ಮನೆಯ ಲೆಕ್ಕದಂತೆಯೇ ಅರ್ಥವಾದೀತು. ಮನೆಯಲ್ಲಿ ಇಬ್ಬರು ತಲಾ ನೂರು ರೂಪಾಯಿ ತರುತ್ತಾರೆಂದೂ, ಮನೆಯ ವೆಚ್ಚ ತೊಂಬತ್ತೆಂದೂ ಇಟ್ಟುಕೊಳ್ಳೋಣ. ಉಳಿಯುವುದು ನೂರಹತ್ತು. ಒಬ್ಬನ ಗಳಿಕೆ ನಿಂತರೆ ಉಳಿಯುವುದು ಐವತ್ತೈದಲ್ಲ, ಹತ್ತೇ ಹತ್ತು. ವಿಮಾನಕ್ಕೆ ಬಿದ್ದುಹೋಗದಂತೆ ಮಟ್ಟವಾಗಿ ಹಾರುವುದೇ ಮನೆಯ ವೆಚ್ಚ. ಅದನ್ನು ಕಳೆದು ಉಳಿದದ್ದರಿಂದ ಮಾತ್ರ ಅದು ಮೇಲೇರಬಲ್ಲದು. ಅದೂ ಅಲ್ಲದೆ, ನಿಂತ ಎಂಜಿನಿನ ಪ್ರೊಪೆಲ್ಲರು ಗಾಳಿಗೆ ಸುಮ್ಮನೆ ತಿರುಗುತ್ತ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ದುಡಿಯದವನು ಖರ್ಚನ್ನೂ ಹೆಚ್ಚಿಸಿದಂತೆ. ಆದಕಾರಣ ಅದರ ಅಲಗುಗಳನ್ನು ಗಾಳಿಗೆ ಅಂಚುಕೊಡುವಂತೆ ತಿರುಗಿಸಿ ನಿಲ್ಲಿಸುವುದು ಮುಖ್ಯವಾದ ಕೆಲಸ. ಇದಕ್ಕೆ ಫೆದರ್ ಮಾಡುವುದೆಂದು ಹೆಸರು.

ಎರಡನೆಯ ಪ್ರಶ್ನೆಗೆ ನಮ್ಮ ನೊಗವೇ ನೆರವಾಯಿತು. ಗಾಡಿಯ ಬಲಗಡೆಯ ಎತ್ತು ನಿಂತು ಎಡಗಡೆಯದು ಎಳೆದರೆ ಗಾಡಿ ಬಲಕ್ಕೆ ಹೊರಳುತ್ತದೆ. ವಿಮಾನವೂ ಹಾಗೆಯೇ ನಿಂತ ಎಂಜಿನಿನ ಕಡೆಗೆ ತಿರುಗುತ್ತದೆ. ಬಲಹೀನವಾದ ಎತ್ತಿಗೆ ನೊಗದ ಉದ್ದನೆಯ ಪಾಲನ್ನು ಕೊಡುವುದು ರೈತನಿಗೆ ಗೊತ್ತಿರುವ ಉಪಾಯ. ನಡುವಿನಿಂದ ದೂರವಾದಷ್ಟೂ ಎಳೆತದ ಪ್ರಭಾವ ಹೆಚ್ಚು. ಎರಡು ಪ್ರೊಪೆಲ್ಲರುಗಳೂ ಚಾಲಕನ ಕಣ್ಣಿಗೆ ಬಲಸುತ್ತಾಗಿ ತಿರುಗುವ ವಿಮಾನದಲ್ಲಿ, ಮೂತಿ ಎತ್ತಿ ನಿಧಾನವಾಗಿ ಹಾರುವಾಗ, ಕೆಳಗಿಳಿಯುವ ಬಲಗಡೆಯ ಅಲಗು ಹೆಚ್ಚು ಎಳೆಯುತ್ತದೆ. ಆದುದರಿಂದ ಬಲ ಎಂಜಿನಿನ ಎಳೆತ ವಿಮಾನದ ನಡುವಿನಿಂದ ಇನ್ನಷ್ಟು ದೂರಕ್ಕೆ ಸರಿಯುತ್ತದೆ. ಎಡ ಎಂಜಿನು ನಿಂತು ಬಲದ್ದೊಂದೇ ಉಳಿದರೆ ಹೊರಳುವಿಕೆ ಅತಿಯಾಗುವುದರಿಂದ ಅಲ್ಲಿ ಎಡದ್ದೇ ಗಂಡಾಂತರದ ಎಂಜಿನು. ಹಿಂದಿನ ಸಲ ಅವಳು ತಪ್ಪು ಗುರುತು ಹಾಕಿದ್ದು ಇಲ್ಲಿಯೇ. ನೊಗದ ಚಿತ್ರ ಬರೆದುಕೊಂಡ ಮೇಲೆ ಮತ್ತೆ ತಪ್ಪಲಿಲ್ಲ.

ಆದರೆ ನಮ್ಮನ್ನು ರಾತ್ರಿಯೆಲ್ಲ ಎಚ್ಚರವಾಗಿರಿಸಿದ್ದು ಮೂರನೆಯ ಪಾಠ. ಹೊರಳುವ ವಿಮಾನವನ್ನು ನೇರಕ್ಕೆ ಹಿಡಿಯುವುದು ಬಾಲದಲ್ಲಿರುವ ಚುಕ್ಕಾಣಿ. ದೋಣಿ ಸಾಗದಿದ್ದರೆ ಚುಕ್ಕಾಣಿ ನೀರನ್ನು ಹಿಡಿಯಲಾರದಷ್ಟೆ. ಅದರಂತೆ ವೇಗ ಒಂದು ಮಿತಿಗಿಂತ ತಗ್ಗಿದರೆ ವಿಮಾನದ ಚುಕ್ಕಾಣಿಗೂ ಬಲ ಸಾಲದು. ಆ ಮಿತಿಯನ್ನು ವೇಗಮಾಪಕದಲ್ಲಿ ಕೆಂಪು ಗೆರೆಯಿಂದಲೂ, ಒಂದೇ ಎಂಜಿನಿನಲ್ಲಿ ಚೆನ್ನಾಗಿ ಮೇಲೇರುವ ವೇಗವನ್ನು ನೀಲಿ ಗೆರೆಯಿಂದಲೂ ಗುರುತಿಸಿರುತ್ತಾರೆ. ಕೆಂಪು ಗೆರೆಗಿಂತ ಕೆಳಗೆ ಬಂದಾಗ ಉಳಿದ ಎಂಜಿನನ್ನು ಪೂರ್ಣ ಶಕ್ತಿಯಿಂದ ನಡೆಸಿದರೆ, ಕಾಪಾಡಬೇಕಾದ ಆ ಎಂಜಿನೇ ವಿಮಾನವನ್ನು ಮಗುಚಿಹಾಕುತ್ತದೆ! ಆಗ ಮಾಡಬೇಕಾದದ್ದು, ಚೆನ್ನಾಗಿರುವ ಎಂಜಿನಿನ ಶಕ್ತಿಯನ್ನೇ ತಗ್ಗಿಸಿ, ಮೂತಿಯನ್ನು ಇಳಿಸಿ, ಎತ್ತರವನ್ನು ಕೊಟ್ಟು ವೇಗವನ್ನು ಪಡೆಯುವುದು. ಭೂಮಿ ಹತ್ತಿರವಿರುವಾಗ ಮೂತಿಯನ್ನು ಇಳಿಸುವುದಕ್ಕೆ ಎಂತಹ ಗುಂಡಿಗೆ ಬೇಕು!

ಇದನ್ನು ಕೇಳಿದಾಗ ನಮಗೆ ನೆನಪಾದದ್ದು ವಿಮಾನವಲ್ಲ. ತಮ್ಮ ತೀರಿಕೊಂಡು ನಾಲ್ಕು ವರ್ಷಗಳಾದುವು. ಅವನು ಹೋದ ವರ್ಷ ನಾವು, ಯಾರೂ ಬಡವಾದರೆನ್ನಬಾರದೆಂಬ ಹಟದಿಂದ, ಇಬ್ಬರ ಆರಂಬವನ್ನು ಒಬ್ಬರೇ ಹೊತ್ತೆವು. ಗುತ್ತಿಗೆಗೆ ಹಿಡಿದ ಹೊಲಗಳನ್ನು ಬಿಡಲಿಲ್ಲ, ಖರ್ಚನ್ನು ತಗ್ಗಿಸಲಿಲ್ಲ, ಕೊರೆಬಿದ್ದುದಕ್ಕೆ ಸಾಲ ಮಾಡಿದೆವು. ಪೂರ್ಣ ಶಕ್ತಿಯಿಂದಲೇ ಎಳೆದೆವು. ಮನೆ ಒಂದು ಕಡೆಗೆ ಹೊರಳುತ್ತಿದ್ದುದು ನಮಗೆ ಕಾಣಲಿಲ್ಲ. ತಮ್ಮನ ಹೆಂಡತಿಗೂ ಮಗಳಿಗೂ ಕಂಡಿರಬೇಕು, ಹಿರಿಯರೆಂದು ಹೇಳದೆ ಇದ್ದರು.

ಕೆಟ್ಟ ಎಂಜಿನು ಯಾವುದೆಂದು ಕಂಡುಹಿಡಿಯುವುದೂ ಪಾಠದ ಒಂದು ಭಾಗ. ವಿಮಾನವನ್ನು ನೇರವಾಗಿ ಹಿಡಿಯಲು ಯಾವ ಕಾಲು ತುಳಿಯಬೇಕಾಗಿಲ್ಲವೋ ಆ ಕಡೆಯ ಎಂಜಿನು ನಿಂತಿದೆ ಎಂಬುದು ಸೂತ್ರ. ಆದರೂ ಒಡನೆಯೇ ಅದನ್ನು ನಿಲ್ಲಿಸಬಾರದು. ಅದರ ಶಕ್ತಿಯ ಹಿಡಿಯನ್ನು ಮೆಲ್ಲನೆ ಹಿಂದಕ್ಕೆಳೆದು, ಏನೂ ಬದಲಾಗದಿದ್ದರೆ ಮಾತ್ರ ಅದೇ ಕೆಟ್ಟದ್ದೆಂದು ನಿಶ್ಚಯಿಸಬೇಕು. 2015ರ ಫೆಬ್ರವರಿ 4ರಂದು ತೈಪೆಯಿಂದ ಹೊರಟ ಟ್ರಾನ್ಸ್‌ಏಷ್ಯಾ ಸಂಸ್ಥೆಯ ಎ.ಟಿ.ಆರ್. ವಿಮಾನದಲ್ಲಿ ಬಲ ಎಂಜಿನಿನ ಎಳೆತ ತಪ್ಪಿದಾಗ, ಚಾಲಕನು ಚೆನ್ನಾಗಿದ್ದ ಎಡ ಎಂಜಿನನ್ನು ನಿಲ್ಲಿಸಿಬಿಟ್ಟನು. ವಿಮಾನ ನದಿಗೆ ಬಿದ್ದಿತು. 58 ಮಂದಿಯಲ್ಲಿ 43 ಮಂದಿ ಮೃತರಾದರು. ಈ ವೃತ್ತಾಂತವನ್ನು ಅವಳು ಓದಿ ಹೇಳಿದಾಗ ಒಳಗಿನಿಂದ ಅವಳ ತಾಯಿ ಬಂದು ಬಾಗಿಲಲ್ಲಿ ನಿಂತರು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಆ ತಾಯಿಯ ಮನಸ್ಸಿನಲ್ಲಿ ಇನ್ನೊಂದು ಚಿಂತೆಯೂ ಇತ್ತು. ಬರಹದ ಪರೀಕ್ಷೆ ಮುಗಿದ ಮೇಲೆ ಜೋಡಿ ಎಂಜಿನಿನ ವಿಮಾನದಲ್ಲಿ ಹಾರಾಟದ ಅಭ್ಯಾಸವಾಗಬೇಕು. ಅದರ ಒಂದೊಂದು ಗಂಟೆಯ ವೆಚ್ಚವೂ ಒಂಟಿ ಎಂಜಿನಿನದಕ್ಕಿಂತ ಬಹಳ ಹೆಚ್ಚು. ಹೊಳೆಸಾಲಿನ ಗದ್ದೆಯನ್ನು ಮಾರುವುದೆಂದು ನಾವು ಆಗಲೇ ಮನಸ್ಸು ಮಾಡಿದ್ದೆವು. ಮರುದಿನ ಬೆಳಗ್ಗೆ ಅದನ್ನು ಹೇಳಿದಾಗ ಹುಡುಗಿ ಪುಸ್ತಕವನ್ನು ಮುಚ್ಚಿ, "ದೊಡ್ಡಪ್ಪ, ನೀವೇ ಕಾರಣ ಕೇಳಿ ಕಲಿಸಿದಿರಿ. ನಮ್ಮ ಮನೆ ಈಗ ಕೆಂಪು ಗೆರೆಯ ಕೆಳಗಿದೆ. ಗದ್ದೆ ಮಾರಿ ಮೇಲೇರಲು ಹೋಗುವುದು ಬೇಡ. ಮೊದಲು ಮೂತಿ ತಗ್ಗಿಸೋಣ" ಎಂದಳು.

ನಾವು ಉತ್ತರ ಕೊಡಲಿಲ್ಲ. ಹಿರಿತನಕ್ಕೆ ಸ್ವಲ್ಪ ನೋವಾದದ್ದೂ ನಿಜ. ಆದರೆ ಸಂಜೆಯೊಳಗಾಗಿ ಗುತ್ತಿಗೆಯ ಹೊಲಗಳನ್ನು ಬಿಟ್ಟುಕೊಡುವುದಾಗಿ ಒಡೆಯರಿಗೆ ಹೇಳಿಬಂದೆವು.

ಪರೀಕ್ಷೆಯಲ್ಲಿ ಈ ಸಲ ಅವಳಿಗೆ 86 ಅಂಕಗಳು ಬಂದುವು. ಮೂವರೂ ಬೆಟ್ಟ ಹತ್ತಿ ಸ್ವಾಮಿಯ ದರ್ಶನ ಮಾಡಿ, ಹೊರಗೆ ಬಂದು ಕುಳಿತೆವು. ಕೆಳಗೆ ಕಾವೇರಿ ಮುಡುಕಿ ತಲಕಾಡಿನ ಕಡೆಗೆ ಹರಿಯುತ್ತಿದ್ದಳು; ಹೊಳೆ ಇಲ್ಲಿ ಹೀಗೆ ತಿರುಗುವುದರಿಂದಲೇ ಊರಿಗೆ ಈ ಹೆಸರೆಂದು ಹಿರಿಯರು ಹೇಳುತ್ತಾರೆ. ಹುಡುಗಿ ಈಗ ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳಿ ನಾಲ್ಕು ಕಾಸು ಕೂಡಿಸುತ್ತಿದ್ದಾಳೆ. ಕಬ್ಬಿನ ಹಣ ಬಂದು ಸಾಲ ತೀರಿದ ಮೇಲೆ ಹಾರಾಟವೆಂದು ಗೊತ್ತಾಗಿದೆ. ಗದ್ದೆ ನಮ್ಮದಾಗಿಯೇ ಉಳಿದಿದೆ. ನೊಗದ ಚಿತ್ರವಿರುವ ಆ ಪುಸ್ತಕವನ್ನು ಗೂಡಿನಲ್ಲಿ, ಲೆಕ್ಕದ ಪುಸ್ತಕದ ಪಕ್ಕದಲ್ಲಿ, ಇಟ್ಟುಕೊಂಡಿದ್ದೇವೆ.